ಅಂಟಿಸದೇ ಉಳಿದ ನೋಟಿಸು

ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡನ್ನು ನಿಂತು ಓದುವವರು ಕಡಿಮೆ. ನಮ್ಮೂರಿನದು ತಂತಿಜಾಲರಿ ಬಾಗಿಲಿನ ಒಂದು ಪೆಟ್ಟಿಗೆ. ಅದಕ್ಕೆ ಬೀಗವಿತ್ತು, ಬೀಗದ ಕೈ ಎಲ್ಲಿದೆ ಎಂಬುದು ಬಿಲ್ ಕಲೆಕ್ಟರಿಗೂ ಗೊತ್ತಿರಲಿಲ್ಲ. ಒಳಗೆ ಬಿಸಿಲಿಗೆ ಹಳದಿಯಾದ ಹರಾಜು ಪ್ರಕಟಣೆ, ಅದರ ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ಜಗತ್ತಿನ ಅತಿ ಬಲಿಷ್ಠ ಸೈನ್ಯದ ವಿಮಾನಗಳಿಗೆ ಇಂಥದೊಂದು ಪೆಟ್ಟಿಗೆ ಅಡ್ಡ ನಿಲ್ಲಬಲ್ಲದು ಎಂದರೆ ನಾನೂ ನಗುತ್ತಿದ್ದೆ. ಜಪಾನಿನ ಸುನಗಾವಾ ಎಂಬ ಊರಿನ ಸಂಗತಿ ತಿಳಿದ ಮೇಲೆ ನಗು ಬರುತ್ತಿಲ್ಲ.

ಸುನಗಾವಾ ಟೋಕಿಯೊದ ಪಶ್ಚಿಮಕ್ಕಿದ್ದ ಒಂದು ಸಣ್ಣ ಪಟ್ಟಣ. ಎದೊ ಕಾಲದಲ್ಲಿ ಬೀಳು ನೆಲ ಒಡೆದು ಕಟ್ಟಿದ್ದು. ಊರಿಗೆಲ್ಲ ಒಂದೇ ಹೆದ್ದಾರಿ, ಅದರ ಇಕ್ಕೆಲದಲ್ಲಿ ಮನೆಗಳು, ಪ್ರತಿ ಮನೆಯ ಬೆನ್ನಿಗೂ ಉದ್ದನೆಯ ಪಟ್ಟಿಯಂಥ ಹೊಲ. ಹಿಪ್ಪುನೇರಳೆ, ಗೋಧಿ, ಗೆಣಸು ಅಲ್ಲಿನ ಬೆಳೆ. ಅದರ ದಕ್ಷಿಣಕ್ಕೆ 1922ರಲ್ಲಿ ಜಪಾನಿ ಸೇನೆ ತಾಚಿಕಾವಾ ವಿಮಾನನೆಲೆ ಕಟ್ಟಿತು, ಯುದ್ಧ ಸೋತ ಮೇಲೆ ಅದು ಅಮೆರಿಕದವರ ಕೈಗೆ ಹೋಯಿತು. ಬಾವುಟ ಬದಲಾಯಿತೇ ಹೊರತು ನೆಲೆಯವರು ಹೊಲ ಒತ್ತಿಕೊಳ್ಳುವುದು ನಿಲ್ಲಲಿಲ್ಲ. 1953ರ ಜೂನ್‌ನಲ್ಲಿ ಅಲ್ಲಿಂದ ಮೇಲೇರಿದ ಗ್ಲೋಬ್‌ಮಾಸ್ಟರ್ ವಿಮಾನವೊಂದು ಸಮೀಪದಲ್ಲೇ ಬಿದ್ದು 129 ಜನ ಸತ್ತರು. ಅಂದರೆ ತಲೆಯ ಮೇಲೆ ಹಾರುವುದು ಏನೆಂದು ಆ ಸೀಮೆಯ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

1955ರ ಮೇ 4ರಂದು ಪಟ್ಟಣದ ಮೇಯರ್ ಮಿಯಾಝಾಕಿ ದೆನ್‌ಝಾಎಮೊನ್ ಅವರಿಗೆ ಸರ್ಕಾರದಿಂದ ಸುದ್ದಿ ಬಂತು: ಜೆಟ್ ವಿಮಾನಗಳಿಗೆ ರನ್‌ವೇ ಗಿಡ್ಡವಾಗಿದೆ, ಉತ್ತರಕ್ಕೆ ಬೆಳೆಸಬೇಕು. ಉತ್ತರಕ್ಕೆ ಎಂದರೆ ನೂರಕ್ಕೂ ಹೆಚ್ಚು ಕುಟುಂಬಗಳ ಜಮೀನಿನ ಮೇಲೆ, ಹೆದ್ದಾರಿಯನ್ನೂ ಕತ್ತರಿಸಿ, ಊರನ್ನು ಎರಡು ಹೋಳು ಮಾಡಿ. ಎಂಟು ದಿನ ಕಳೆಯುವುದರೊಳಗೆ ಪಟ್ಟಣಸಭೆ ಸೇರಿ ಒಕ್ಕೊರಲಿನಿಂದ ವಿರೋಧ ನಿರ್ಣಯ ಮಾಡಿತು. ಆ ಒಗ್ಗಟ್ಟು ಮುಂದೆ ಹಾಗೇ ಉಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಷರತ್ತಿನ ಮೇಲೆ ಕೊಟ್ಟುಬಿಡೋಣ ಎನ್ನುವ ಗುಂಪೊಂದು ಬೇಗನೆ ಹುಟ್ಟಿಕೊಂಡಿತು. ಬೇಲಿ ಪಕ್ಕದ ಮನೆಯವನು ಮಾರಿದ, ನಾನು ಮಾರಲಿಲ್ಲ ಎಂಬುದು ಒಂದು ಊರಿನಲ್ಲಿ ಎಷ್ಟು ತಲೆಮಾರು ಮಾತು ಬಿಡಿಸುತ್ತದೆ ಎಂದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ.

ಸರ್ವೆಯವರು ಬಂದಾಗ ಊರಿನ ಬೆಂಕಿಗಂಟೆ ಬಾರಿಸುತ್ತಿದ್ದರು. ಹೊಲದ ಕೆಲಸ ಬಿಟ್ಟು ಜನ ಓಡಿ ಬರುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾವಲಿನಲ್ಲಿ ಮೊದಲ ಗೂಟಗಳನ್ನು ಹೊಡೆದರು. ನೆಲಕ್ಕೆ ಗೂಟ ಹೊಡೆದರೂ ಮನಸ್ಸಿಗೆ ಹೊಡೆಯಲಾಗದು ಎಂಬ ರೈತ ಮುಖಂಡ ಅವೊಕಿ ಇಚಿಗೊರೊ ಅವರ ಮಾತು ಆಗ ದೇಶವೆಲ್ಲ ಹರಡಿತು. ಮರುವರ್ಷ ಅಕ್ಟೋಬರಿನ ಮಳೆಯಲ್ಲಿ ಕಾರ್ಮಿಕರು, ವಿದ್ಯಾರ್ಥಿಗಳು ರೈತರ ಜೊತೆ ಕೈಕೈ ಹೆಣೆದು ನಿಂತರು. ಕೈತಮಟೆ ಬಡಿಯುತ್ತ ಮಂತ್ರ ಹೇಳುವ ಬೌದ್ಧ ಭಿಕ್ಷುಗಳೂ ಅವರಲ್ಲಿದ್ದರು. ನಿಪ್ಪೊನ್‌ಝಾನ್ ಮ್ಯೊಹೊಜಿ ಪಂಥದವರು. ಇವರ ಗುರು ಫುಜಿ ನಿಚಿದಾತ್ಸು 1933ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯನ್ನು ಕಂಡವರು; ಅದೇ ತಮಟೆ, ಅದೇ ಮಂತ್ರ ಆಶ್ರಮದ ಪ್ರಾರ್ಥನೆಯೊಳಗೂ ಸೇರಿತು. ಲಾಠಿಗಳು ಭಿಕ್ಷುಗಳನ್ನೂ ಬಿಡಲಿಲ್ಲ. ಸಾವಿರದಷ್ಟು ಜನಕ್ಕೆ ಗಾಯವಾಯಿತು. ಅಕ್ಟೋಬರ್ 13ರ ಮುಸ್ಸಂಜೆ, ಪೊಲೀಸರಿಗೆ ಎದುರಾಗಿ ನಿಂತವರು ಕೆಂಪು ಏರೋಪ್ಲೇನ್ ಚಿಟ್ಟೆಯ ಮೇಲಿನ ಒಂದು ಮಕ್ಕಳ ಹಾಡು ಹಾಡಿದರಂತೆ. ಮರುದಿನ ಪ್ರಧಾನಿ ಹತೊಯಾಮಾ ಅವರ ಸರ್ಕಾರ ಸರ್ವೆ ನಿಲ್ಲಿಸಿತು.

ಫೋಟೊಗಳಲ್ಲಿ ಉಳಿದಿರುವುದು ಇದೆಲ್ಲ. ಫೋಟೊ ಹಿಡಿಯಲಾರದ ಕೆಲಸ ಪಟ್ಟಣದ ಕಚೇರಿಯಲ್ಲಿ ನಡೆದಿತ್ತು. ಭೂಸ್ವಾಧೀನದ ಕಾಗದಗಳನ್ನು ಊರಿನ ಕಚೇರಿಯಲ್ಲಿ ಪ್ರಕಟಿಸಿ, ಇಷ್ಟು ದಿನ ಜನರ ಕಣ್ಣಿಗೆ ಬೀಳುವಂತೆ ಇಡಬೇಕು ಎನ್ನುತ್ತಿತ್ತು ಕಾನೂನು. ಆ ಪ್ರಕಟಣೆ ಮಾಡಬೇಕಾದವರು ಮೇಯರ್. ಅವರು ಮಾಡಲಿಲ್ಲ. ಕಾಗದ ಹರಿಯಲಿಲ್ಲ, ಸುಡಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಟೋಕಿಯೊ ಗವರ್ನರ್ ಆದೇಶ ಕೊಟ್ಟರೂ ಜಗ್ಗದಿದ್ದಾಗ ಮೊಕದ್ದಮೆ ಹೂಡಬೇಕಾಯಿತು. 1958ರಲ್ಲಿ ಜಿಲ್ಲಾ ನ್ಯಾಯಾಲಯ ಮೇಯರ್ ವಿರುದ್ಧವೇ ಹೇಳಿತು. ಆದರೆ 1960ರ ಜೂನ್ 17ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಒಡೆದು ಮತ್ತೆ ವಿಚಾರಣೆಗೆ ಕಳಿಸಿತು. ದೇಶದ ಕೆಲಸವನ್ನು ಮೇಯರ್‌ಗೆ ಒಪ್ಪಿಸಿದ ಮಾತ್ರಕ್ಕೆ ಅವರು ಬರೀ ಕೈಕೆಳಗಿನ ನೌಕರರಲ್ಲ, ಆ ಆದೇಶ ಕಾನೂನುಬದ್ಧವೇ ಎಂದು ನ್ಯಾಯಾಲಯ ನೋಡಲೇಬೇಕು ಎಂಬುದು ಅದರ ವಾದ.

ಜಪಾನಿನ ಪಠ್ಯಪುಸ್ತಕಗಳು ಹೇಳುವ ಸುನಗಾವಾ ಮೊಕದ್ದಮೆ ಮಾತ್ರ ಬೇರೆಯದು. 1957ರ ಜುಲೈನಲ್ಲಿ ಪ್ರತಿಭಟನೆಗಾರರು ಬೇಲಿ ದಾಟಿ ನೆಲೆಯೊಳಗೆ ಕೆಲವು ಮೀಟರ್ ನುಗ್ಗಿದ್ದರು. ಏಳು ಜನರ ಮೇಲೆ ಕೇಸಾಯಿತು. 1959ರ ಮಾರ್ಚ್ 30ರಂದು ನ್ಯಾಯಾಧೀಶ ದಾತೆ ಅಕಿಯೊ, ಅಮೆರಿಕದ ಸೇನೆ ಇಲ್ಲಿರುವುದೇ ಯುದ್ಧವನ್ನು ತ್ಯಜಿಸುವ ಸಂವಿಧಾನದ 9ನೇ ವಿಧಿಗೆ ವಿರುದ್ಧ ಎಂದು ಹೇಳಿ ಏಳೂ ಜನರನ್ನು ಬಿಟ್ಟರು. ಡಿಸೆಂಬರ್ 16ರೊಳಗೆ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೇ ಹೋಗಲಿ ಎಂದು ಅಮೆರಿಕದ ರಾಯಭಾರಿ ತೀರ್ಪಿನ ಮರುದಿನ ಬೆಳಿಗ್ಗೆಯೇ ವಿದೇಶಾಂಗ ಮಂತ್ರಿಗೆ ಹೇಳಿದ್ದು, ಆಮೇಲೆ ಮುಖ್ಯ ನ್ಯಾಯಮೂರ್ತಿ ತನಾಕಾ ಕೊತಾರೊ ಅವರ ಜೊತೆಗೇ ರಾಯಭಾರಿ ಖಾಸಗಿಯಾಗಿ ಮಾತಾಡಿದ್ದು, ಇವೆಲ್ಲ ಹೊರಬಿದ್ದದ್ದು 2008ರಲ್ಲಿ, ಅಮೆರಿಕದ ಪತ್ರಾಗಾರದ ಕಡತಗಳಿಂದ. ಸಂವಿಧಾನದ ದೊಡ್ಡ ವಾದಕ್ಕೆ ರಾಯಭಾರಿಯೇ ಎದ್ದು ಓಡಿದರು. ಕಪಾಟಿನಲ್ಲಿ ಉಳಿದ ನೋಟಿಸಿಗೆ ಹಾಗೆ ಓಡುವುದು ಎಲ್ಲಿಗೆ? ಸಣ್ಣ ಕಚೇರಿಯ ಮೊಂಡುತನದಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿದ್ದು ಈ ಎರಡು ಮೊಕದ್ದಮೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

1963ರಲ್ಲಿ ಸುನಗಾವಾ ತಾಚಿಕಾವಾ ನಗರದೊಳಗೆ ವಿಲೀನವಾಯಿತು. ನಿರ್ಣಯ ಮಾಡಿದ ಪಟ್ಟಣಸಭೆಯೇ ಇಲ್ಲವಾಯಿತು. ಇಪ್ಪತ್ತಕ್ಕೂ ಹೆಚ್ಚು ಮನೆಯವರು ಮಾತ್ರ ಸಹಿ ಹಾಕದೆ ಹೊಲ ಉಳುತ್ತಲೇ ಇದ್ದರು. 1968ರ ಕೊನೆಗೆ ಅಮೆರಿಕದವರೇ ವಿಸ್ತರಣೆ ಬೇಡ ಎಂದರು, 1977ರಲ್ಲಿ ನೆಲೆಯನ್ನೇ ಬಿಟ್ಟುಕೊಟ್ಟರು. ವಿಮಾನಗಳೇನೂ ಮಾಯವಾಗಲಿಲ್ಲ. ಅವು ಹತ್ತಿರದ ಯೊಕೊತಾ ನೆಲೆಗೆ ಹೋದವು. ಅಲ್ಲಿನ ಸುತ್ತಲ ಜನ ಸದ್ದಿನ ವಿರುದ್ಧ 1976ರಿಂದ ಕೋರ್ಟು ಹತ್ತುತ್ತಿದ್ದಾರೆ. ಸುನಗಾವಾದ ಗೆಲುವನ್ನು ಹೊಗಳುವವರು ಇದನ್ನು ಹೇಳದೆ ದಾಟಿಬಿಡುತ್ತಾರೆ.

ಹಳೆಯ ನೆಲೆಯ ಒಂದು ಪಾಲು ಈಗ ದೊಡ್ಡ ಉದ್ಯಾನ, ಇನ್ನೊಂದು ಪಾಲಿನಲ್ಲಿ ಜಪಾನಿನ ಆತ್ಮರಕ್ಷಣಾ ಪಡೆಯ ವಿಮಾನಗಳಿವೆ. ರನ್‌ವೇ ಚಾಚಬೇಕಿದ್ದ ಉತ್ತರದ ಕಡೆಗೆ ಅಲ್ಲಲ್ಲಿ ತಂತಿಬೇಲಿ ಹಾಕಿದ ತುಂಡು ನೆಲಗಳು ಉಳಿದುಕೊಂಡಿವೆ. ಅಂದು ಮಾರಿದವರ ಜಮೀನು ಅದು, ಸರ್ಕಾರದ ಹೆಸರಿನಲ್ಲಿದೆ, ಒಳಗೆ ಹುಲ್ಲು ಬೆಳೆದಿದೆ. ಬೇಲಿಯ ಆಚೆ, ಮಾರದವರ ಪಟ್ಟಿಯಲ್ಲಿ, ತರಕಾರಿ.