ಲಾಂಛನ ಕಿತ್ತರೂ ಬಣ್ಣ ಉಳಿಯಬೇಕು

ಮೋಕದಿಂದ ಪಿ.ಯು. ವಿದ್ಯಾರ್ಥಿಯೊಬ್ಬ ಈ ಅಂಕಣಕ್ಕೆ ಪ್ರಶ್ನೆ ಕಳಿಸಿದ್ದಾನೆ. ಮನೆಗೆ ಹಳೆಯ ಕಾರೊಂದು ಬಂದಿದೆ. ಬಾನೆಟ್ ಮೇಲಿನ ಲಾಂಛನದ ಹೊಳಪು ಹೋಗಿ ಸಿಪ್ಪೆ ಏಳುತ್ತಿದೆ. ಅದನ್ನು ತೆಗೆದು ಹೊಸದನ್ನು ಅಂಟಿಸಬೇಕು. 'ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಒಂದು ನಿಮಿಷದ ಕೆಲಸ. ಅಪ್ಪ ಬೇಡ ಅನ್ನುತ್ತಾರೆ. ಯಾರು ಸರಿ?'

ಅಪ್ಪನೇ ಸರಿ.

ಬಾನೆಟ್ಟಿನ ಉಕ್ಕಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಅದರ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕೊನೆಗೆ ಗಾಜಿನಂಥ ಪಾರದರ್ಶಕ ಲೇಪ. ಇವೆಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 120 ಮೈಕ್ರಾನ್. ಹೆಚ್ಚುಕಡಿಮೆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು. ಸ್ಕ್ರೂಡ್ರೈವರಿನ ತುದಿ ಒಮ್ಮೆ ಜಾರಿದರೆ ಹಾಳೆ ಹರಿಯಿತೆಂದೇ ಲೆಕ್ಕ. ಆಮೇಲೆ ಗಾಳಿ ಮತ್ತು ತೇವ ಉಕ್ಕನ್ನು ಮುಟ್ಟುತ್ತವೆ, ತುಕ್ಕು ಶುರುವಾಗುತ್ತದೆ. ಸಂಡೂರು ಗುಡ್ಡದ ಕೆಂಪು ಅದಿರು ಕಬ್ಬಿಣದ ಆಕ್ಸೈಡ್, ತುಕ್ಕೂ ಕಬ್ಬಿಣದ ಆಕ್ಸೈಡೇ. ತೋರಣಗಲ್ಲಿನ ಕುಲುಮೆಯಲ್ಲಿ ಅಷ್ಟು ಬೆಂಕಿ ಉರಿಸಿ ಅದಿರಿನಿಂದ ಆಮ್ಲಜನಕ ಬಿಡಿಸುತ್ತಾರೆ. ಒಂದು ಗೀರು ಬಿದ್ದರೆ ಸಾಕು, ಉಕ್ಕು ಮತ್ತೆ ಅದಿರಿನ ದಾರಿ ಹಿಡಿಯುತ್ತದೆ.

ಮೊದಲು ಬಾನೆಟ್ ಎತ್ತಿ ಒಳಗಿನಿಂದ ನೋಡಿ. ಹಳೆಯ ಕಾಲದ ಅನೇಕ ಕಾರುಗಳಲ್ಲಿ ಲಾಂಛನದ ಹಿಂದೆ ಕಡ್ಡಿಗಳಿದ್ದು, ತಗಡಿನ ತೂತಿನೊಳಗೆ ಹಾದು ನಟ್ಟು ಅಥವಾ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿರುತ್ತವೆ. ಅವನ್ನು ಒಳಗಿನಿಂದಲೇ ಬಿಚ್ಚಬೇಕು. ಕಡ್ಡಿಗಳಿಲ್ಲದಿದ್ದರೆ ಅದು ಎರಡೂ ಬದಿಗೆ ಅಂಟಿರುವ ಮೆತ್ತನೆಯ ಫೋಮ್ ಟೇಪ್. ಇಂದಿನ ಲಾಂಛನಗಳಲ್ಲಿ ಹೆಚ್ಚಿನವು ಇಂಥವು.

ಅಂಟು ಕಿತ್ತರೆ ಬಣ್ಣ ಕೀಳುತ್ತದೆ ಎಂಬ ಗೋಳು ಹಳೆಯದು. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರಿನ ಶೋಕಿ ಬಂದಿತ್ತು. ಪೇಂಟರುಗಳು ಒಂದು ಭಾಗಕ್ಕೆ ಕಾಗದ ಅಂಟಿಸಿ ಇನ್ನೊಂದು ಭಾಗಕ್ಕೆ ಬಣ್ಣ ಹೊಡೆಯುತ್ತಿದ್ದರು; ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಸೇಂಟ್ ಪಾಲ್ ನಗರದ ಗ್ಯಾರೇಜಿನಲ್ಲಿ ಅವರ ಬೈಗುಳ ಕೇಳಿಸಿಕೊಂಡವರು 3ಎಂ ಕಂಪೆನಿಯ ಪ್ರಯೋಗಾಲಯದ ನೌಕರ ರಿಚರ್ಡ್ ಡ್ರೂ. ಹಿಡಿಯಬೇಕು, ಆದರೆ ಕೇಳಿದಾಗ ಬಿಡಬೇಕು, ಅಂಥ ಅಂಟಿಗಾಗಿ ದುಡಿದು 1925ರಲ್ಲಿ ಮಾಸ್ಕಿಂಗ್ ಟೇಪ್ ತಂದರು. ನಮ್ಮ ಕೆಲಸವೂ ಅದರಿಂದಲೇ ಶುರು: ಲಾಂಛನದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ಬಣ್ಣಕ್ಕೂ ಕಾವಲು, ಹೊಸದನ್ನು ಕೂರಿಸಲು ಗುರುತೂ ಆಯಿತು.

ಅದಕ್ಕೂ ಮೊದಲು ಧೂಳು ತೊಳೆಯಿರಿ. ಹಗರಿ ದಂಡೆಯ ಮರಳಿನ ಒಂದು ಕಣ ದಾರದಡಿ ಸಿಕ್ಕರೆ ಅದೇ ಅರವಾಗುತ್ತದೆ.

ಇನ್ನು ಕಾವು. ಈ ಅಂಟು ಒಂದು ಬಗೆಯ ಪಾಲಿಮರ್. ಉದ್ದುದ್ದ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ತಂಪಿನಲ್ಲಿ ಅವು ಬಿಗಿಯುತ್ತವೆ, ಕಾವು ತಗಲಿದರೆ ಸಡಿಲುತ್ತವೆ. ಚಳಿಗಾಲದ ಬೆಳಿಗ್ಗೆಯಾದರೆ ಹೇರ್ ಡ್ರೈಯರ್ ಹಿಡಿಯಿರಿ, ಇಲ್ಲವೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹೊದಿಸಿ. ಕುದಿಯುವ ನೀರು ಬೇಡ, ಮೋಂಬತ್ತಿಯಂತೂ ಬೇಡವೇ ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ ಸೀಮೆಯವರಿಗೆ ಡ್ರೈಯರಿನ ಕರೆಂಟು ಖರ್ಚೂ ಇಲ್ಲ. ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಸಾಕು, ಕೈ ಇಡಲಾಗದಷ್ಟು ಕಾದಿರುತ್ತದೆ.

ಕಾದ ಮೇಲೆ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಎರಡು ಕೈಗೂ ಸುತ್ತಿಕೊಂಡು ಲಾಂಛನದ ಹಿಂದೆ ತೂರಿಸಿ, ಗರಗಸದಂತೆ ಮೆಲ್ಲಗೆ ಆಡಿಸಿ. ದಾರ ಲಾಂಛನದ ಬೆನ್ನಿಗೆ ಹತ್ತಿರವಿರಲಿ, ಬಣ್ಣಕ್ಕಲ್ಲ. ಗಾಳಿಪಟದ ಮಾಂಜಾ ಬೇಡ. ಅದರಲ್ಲಿ ಗಾಜಿನ ಪುಡಿ ಇದೆ. ಅವಸರವೂ ಬೇಡ. ಜಗ್ಗಿ ಎಳೆದಾಗ ಈ ಅಂಟು ಗಟ್ಟಿಯಾಗಿ ವರ್ತಿಸುತ್ತದೆ, ನಿಧಾನಕ್ಕೆ ಎಳೆದರೆ ಮೆತ್ತಗೆ. ಕಾವು ಆರಿದರೆ ಮತ್ತೆ ಕಾಯಿಸಿ.

ಲಾಂಛನ ಕಳಚಿದ ಮೇಲೂ ಫೋಮಿನ ತುಣುಕು ಉಳಿಯುತ್ತದೆ. ಹಲಸಿನ ಮೇಣಕ್ಕೆ ಮಾಡುವ ಉಪಾಯವೇ ಇಲ್ಲಿಗೂ: ಬಾನೆಟ್ ತಣ್ಣಗಾದ ಮೇಲೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು, ಹೆಬ್ಬೆರಳಿನಿಂದ ಹೊಸೆಯಿರಿ. ಉಂಡೆಯುಂಡೆಯಾಗಿ ಏಳುತ್ತದೆ. ಹೆಬ್ಬೆರಳು ನೋಯುವುದು ನಿಜ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಬ್ಲೇಡು ಯಾವುದೂ ಬೇಡ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಹಳೆಯ ಕಾರಿಗೆ ಹಿಂದಿನ ಮಾಲೀಕರು ಊರ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ್ದರೆ ಆ ಗಟ್ಟಿತನ ಇಲ್ಲದಿರಬಹುದು. ಥಿನ್ನರ್ ಅದನ್ನೇ ಕರಗಿಸೀತು. ಅಂಥ ಕಾರನ್ನು ಪರಿಚಯದ ಪೇಂಟರಿಗೆ ಒಮ್ಮೆ ತೋರಿಸಿಯೇ ದಾರ ಹಿಡಿಯುವುದು ಮೇಲು.

ಕೊನೆಗೆ ಒಂದು ವಿಚಿತ್ರ ಕಾಣುತ್ತದೆ. ಲಾಂಛನವಿದ್ದ ಜಾಗ ಹೊಸದರಂತೆ ಹೊಳೆಯುತ್ತದೆ, ಸುತ್ತಲಿನದು ಮಂಕು. ಅದು ಅಂಟಿನ ಕಲೆಯಲ್ಲ, ಉಜ್ಜಬೇಡಿ. ಬಿಸಿಲಿನ ನೇರಳಾತೀತ ಕಿರಣ ವರ್ಷಗಟ್ಟಲೆ ಸುತ್ತಲಿನ ಬಣ್ಣವನ್ನು ತಿಂದಿದೆ. ಲಾಂಛನ ತನ್ನಡಿಯ ಬಣ್ಣಕ್ಕೆ ಕೊಡೆ ಹಿಡಿದಿತ್ತು. ಪಾಲಿಶ್ ಮಾಡಿಸಿದರೆ ಈ ವ್ಯತ್ಯಾಸ ತಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ. ಅದೇ ಅಳತೆಯ ಹೊಸ ಲಾಂಛನ ಕೂರಿಸಿದರೆ ಆ ಚಿಂತೆಯೂ ಇಲ್ಲ. ಎಣ್ಣೆಯ ಪಸೆ ಹೋಗುವಂತೆ ಶಾಂಪೂ ನೀರಲ್ಲಿ ತೊಳೆದು, ಒಣಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಾರನೆಯ ದಿನದವರೆಗೆ ಕಾರಿಗೆ ನೀರು ತಾಗಿಸಬೇಡಿ.