ರಕ್ತದ ಸಾಕ್ಷ್ಯ ಮತ್ತು ಕಡತದ ಸಾಕ್ಷ್ಯ: ಮೂರನೆಯ ರಿಚರ್ಡನ ವಂಶಾವಳಿಯ ಪಾಠ

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂಬುದು ಹಳೆಯ ಮಾತು. ಆದರೂ ಮೂಲವನ್ನು ಅರಸುವ ಹಂಬಲ ಮನುಷ್ಯನಿಗೆ ಎಂದೂ ತೀರಿದ್ದಿಲ್ಲ. ಇಂಗ್ಲೆಂಡಿನಲ್ಲಿಯೂ ಅಲ್ಲಿಂದ ವಲಸೆಹೋದವರು ನೆಲೆಸಿರುವ ಅಮೆರಿಕ, ಕೆನಡ, ಆಸ್ಟ್ರೇಲಿಯಗಳಲ್ಲಿಯೂ ಈ ಹಂಬಲ ಇಂದು ದೊಡ್ಡ ವಾಣಿಜ್ಯವಾಗಿ ಬೆಳೆದಿದೆ. ಸಣ್ಣ ಕೊಳವೆಯಲ್ಲಿ ಉಗುಳನ್ನು ತುಂಬಿ ಕಳುಹಿಸಿದರೆ ಮಧ್ಯಯುಗದ ಯಾವ ಸರದಾರ, ಯಾವ ಅರಸ ತನ್ನ ಪೂರ್ವಜನೆಂಬುದು ತಿಳಿದುಬಿಡುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಗೆ ಬೆಂಬಲವಾಗಿ ಪದೇ ಪದೇ ಉದಾಹರಿಸಲ್ಪಡುವುದು ಮೂರನೆಯ ರಿಚರ್ಡನ ಅಸ್ಥಿಪಂಜರದ ಪ್ರಕರಣ. ಆದರೆ ಆ ಪ್ರಕರಣದ ಅರ್ಧಭಾಗ ಮಾತ್ರ ಜನರ ನೆನಪಿನಲ್ಲಿ ಉಳಿದಿದೆ. ಮರೆತುಹೋದ ಉಳಿದರ್ಧವೇ ಹೆಚ್ಚು ಬೋಧಪ್ರದವಾದುದು.

ಪ್ಲಾಂಟಾಜೆನೆಟ್ ವಂಶದ ಕೊನೆಯ ದೊರೆಯಾದ ಮೂರನೆಯ ರಿಚರ್ಡನು 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಕಾಳಗದಲ್ಲಿ ಮಡಿದನು. ಆಗ ಅವನ ವಯಸ್ಸು 32. ಲೆಸ್ಟರ್ ಪಟ್ಟಣದ ಗ್ರೇಫ್ರಯರ್ಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠದಲ್ಲಿ ಅವನನ್ನು ಹೂಳಲಾಯಿತು. 1538ರಲ್ಲಿ ಆ ಮಠವೇ ಮುಚ್ಚಿಹೋಗಿ, ಕಾಲಾನಂತರದಲ್ಲಿ ಸಮಾಧಿಯ ಗುರುತೂ ಅಳಿಸಿತು. 2012ರಲ್ಲಿ ವಾಹನ ನಿಲುಗಡೆಯ ಬಯಲೊಂದರಡಿ ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ನಡೆಸಿದ ಉತ್ಖನನದಲ್ಲಿ ಬೆನ್ನುಮೂಳೆ ಡೊಂಕಾದ, ತಲೆಯ ಮೇಲೆ ಆಯುಧದ ಗಾಯಗಳಿದ್ದ ಗಂಡಸಿನ ಅಸ್ಥಿಪಂಜರವೊಂದು ದೊರೆಯಿತು. ಅದು ರಿಚರ್ಡನದೇ ಎಂದು 2013ರ ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯ ಘೋಷಿಸಿತು. ಟ್ಯೂರಿ ಕಿಂಗ್ ಮತ್ತು ಸಹಸಂಶೋಧಕರ ವಿಸ್ತೃತ ಪ್ರಬಂಧ 2014ರ ಡಿಸೆಂಬರಿನಲ್ಲಿ ಪ್ರಕಟವಾಯಿತು.

ಗುರುತಿಸುವಿಕೆಗೆ ಮುಖ್ಯ ನೆರವಾದದ್ದು ಮೈಟೊಕಾಂಡ್ರಿಯದ ಡಿಎನ್‌ಎ. ಇದನ್ನು ತಾಯಿಯು ತನ್ನ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಕೊಡುತ್ತಾಳೆ. ಮುಂದಿನ ತಲೆಮಾರಿಗೆ ದಾಟಿಸುವವಳು ಮಗಳು ಮಾತ್ರ. ರಿಚರ್ಡನ ಔರಸಪುತ್ರನು 1484ರಲ್ಲಿಯೇ ತೀರಿಕೊಂಡಿದ್ದನು. ಮಗನಿದ್ದಿದ್ದರೂ ಈ ಡಿಎನ್‌ಎ ಅವನಿಗೆ ಬರುತ್ತಿರಲಿಲ್ಲ. ಆದ್ದರಿಂದ ಸಂಶೋಧಕರು ಅವನ ಅಕ್ಕ, ಯಾರ್ಕಿನ ಆನ್ ಎಂಬವಳ ಹೆಣ್ಣುಸಂತತಿಯನ್ನು ಹಿಡಿದು ಹೊರಟರು. ಐದು ಶತಮಾನಗಳನ್ನು ದಾಟಿ ಬಂದ ಆ ಸರಣಿಯ ಕೊನೆಯಲ್ಲಿ ಇಬ್ಬರು ವ್ಯಕ್ತಿಗಳು ಜೀವಂತವಿದ್ದರು. ಒಬ್ಬರ ಮೈಟೊಕಾಂಡ್ರಿಯದ ಡಿಎನ್‌ಎ ಅಸ್ಥಿಯದರೊಡನೆ ಸಂಪೂರ್ಣವಾಗಿ ಹೊಂದಿತು; ಇನ್ನೊಬ್ಬರದರಲ್ಲಿ ಇದ್ದದ್ದು ಒಂದೇ ಒಂದು ಸ್ಥಾನದ ವ್ಯತ್ಯಾಸ.

ಇದನ್ನು ವಿಜ್ಞಾನದ ವಿಜಯವೆಂದು ಪತ್ರಿಕೆಗಳು ಕೊಂಡಾಡಿದುವು. ಅದು ಸುಳ್ಳಲ್ಲವಾದರೂ ಅಪೂರ್ಣವಾದ ಮಾತು. ಅಸ್ಥಿಯಿಂದ ಪಡೆದ ಡಿಎನ್‌ಎ ತಾನಾಗಿ ಯಾರ ಹೆಸರನ್ನೂ ಹೇಳುವುದಿಲ್ಲ. ಅದನ್ನು ಹೋಲಿಸಲು ಇನ್ನೊಂದು ಮಾದರಿ ಬೇಕು. ಆ ಮಾದರಿ ಯಾರದಾಗಿರಬೇಕೆಂಬುದನ್ನು ಮರಣಶಾಸನಗಳು, ಚರ್ಚಿನ ದಾಖಲೆಪುಸ್ತಕಗಳು, ಮನೆತನಗಳ ಕಾಗದಪತ್ರಗಳು ತಿಳಿಸಬೇಕು. ಜಾನ್ ಆಶ್‌ಡೌನ್-ಹಿಲ್ ಎಂಬ ಇತಿಹಾಸಕಾರರು ಉತ್ಖನನಕ್ಕೆ ವರ್ಷಗಳ ಮುಂಚೆಯೇ ಆನ್‌ಳ ಸಂತತಿಯ ಒಂದು ಶಾಖೆಯನ್ನು ಕೆನಡದವರೆಗೆ ಹಿಂಬಾಲಿಸಿದ್ದರು. ಅಂಥ ತಾಳ್ಮೆಯ ಕೆಲಸವಿಲ್ಲದಿದ್ದರೆ ಆ ಮೂಳೆಗಳ ಡಿಎನ್‌ಎ ಅನಾಮಧೇಯವಾಗಿಯೇ ಉಳಿಯುತ್ತಿತ್ತು. ಇಂಗಾಲದ ಕಾಲನಿರ್ಣಯ, ಅಸ್ಥಿಯ ವಯಸ್ಸು, ಡೊಂಕು ಬೆನ್ನು, ಗಾಯಗಳು, ಡಿಎನ್‌ಎ ಇವೆಲ್ಲವನ್ನೂ ಒಟ್ಟುಗೂಡಿಸಿದ ಬಳಿಕವೇ ಶೇಕಡಾ 99.999ರ ಖಚಿತತೆಯನ್ನು ಸಂಶೋಧಕರು ಹೇಳಿದರು.

ಇನ್ನು ಮರೆತ ಭಾಗಕ್ಕೆ ಬರಬೇಕು. ತಂದೆಯಿಂದ ಮಗನಿಗೆ ಮಾತ್ರ ದಾಟುವ ವೈ ವರ್ಣತಂತುವನ್ನೂ ಅದೇ ಸಂಶೋಧಕರು ಪರೀಕ್ಷಿಸಿದರು. ರಿಚರ್ಡನ ಮುತ್ತಜ್ಜನ ತಂದೆ ಮೂರನೆಯ ಎಡ್ವರ್ಡ್. ಅದೇ ಎಡ್ವರ್ಡನ ಇನ್ನೊಬ್ಬ ಮಗ ಜಾನ್ ಆಫ್ ಗಾಂಟನ ಮೂಲಕ ಇಳಿದು ಬಂದವನೆಂದು ದಾಖಲೆಗಳು ಹೇಳುವವನು 1803ರಲ್ಲಿ ತೀರಿಕೊಂಡ ಐದನೆಯ ಬೋಫರ್ಟ್ ಡ್ಯೂಕ್ ಹೆನ್ರಿ ಸಾಮರ್‌ಸೆಟ್. ಈತನ ಪುರುಷಸಂತತಿಯ ಐವರನ್ನು ಪರೀಕ್ಷಿಸಿದಾಗ ಒಬ್ಬರ ವರ್ಣತಂತುವೂ ರಿಚರ್ಡನದರೊಡನೆ ಹೊಂದಲಿಲ್ಲ. ಅಷ್ಟೇ ಅಲ್ಲ, ಐವರಲ್ಲಿ ನಾಲ್ವರು ತಮ್ಮತಮ್ಮೊಳಗೆ ಹೊಂದಿದರೆ ಐದನೆಯವರು ಅವರಿಂದಲೂ ಬೇರೆಯಾದರು. ರಿಚರ್ಡನಿಂದ ಎಡ್ವರ್ಡನವರೆಗೆ ನಾಲ್ಕು ಕೊಂಡಿಗಳು, ಎಡ್ವರ್ಡನಿಂದ ಹೆನ್ರಿ ಸಾಮರ್‌ಸೆಟ್‌ನವರೆಗೆ ಹದಿನೈದು. ಈ 19 ಕೊಂಡಿಗಳಲ್ಲಿ ಎಲ್ಲಿಯೋ ಒಂದೆಡೆಯಾದರೂ ಕಾಗದದ ಮೇಲಿನ ತಂದೆ ಬೇರೆ, ಜನ್ಮಕ್ಕೆ ಕಾರಣನಾದ ತಂದೆ ಬೇರೆ.

ಇದರಲ್ಲಿ ಅಚ್ಚರಿಪಡಬೇಕಾದುದು ಹೆಚ್ಚೇನೂ ಇಲ್ಲ. ತಲೆಮಾರಿಗೆ ಶೇಕಡಾ ಒಂದರಷ್ಟು ಮಾತ್ರ ಇಂಥ ವ್ಯತ್ಯಯ ಸಂಭವಿಸುತ್ತದೆಂದು ಇಟ್ಟುಕೊಂಡರೂ 19 ಕೊಂಡಿಗಳ ಸರಣಿ ಎಲ್ಲಿಯಾದರೂ ತುಂಡಾಗುವ ಸಂಭವ ಸುಮಾರು ಶೇಕಡಾ 17 ಆಗುತ್ತದೆ. ರಾಜವಂಶವೆಂಬ ಕಾರಣಕ್ಕೆ ಈ ಗಣಿತ ವಿನಾಯಿತಿ ಕೊಡುವುದಿಲ್ಲ. ಆದರೆ ಸುದ್ದಿ ಹೊರಬಿದ್ದ ಕೂಡಲೇ ಟ್ಯೂಡರರ ಹಕ್ಕು ಸುಳ್ಳಾಯಿತೇ, ಇಂದಿನ ಸಿಂಹಾಸನದ ಗತಿಯೇನು ಎಂಬ ಪ್ರಶ್ನೆಗಳೆದ್ದುವು. ಈ ಪ್ರಶ್ನೆಗಳ ಬುಡದಲ್ಲಿಯೇ ದೋಷವಿದೆ. ತುಂಡಾದ ಕೊಂಡಿ ಯಾವುದೆಂದು ಪರೀಕ್ಷೆ ತಿಳಿಸಿಲ್ಲ. ಬಹುಪಾಲು ಕೊಂಡಿಗಳು ಯಾವ ಅರಸನಿಗೂ ಸಂಬಂಧಿಸಿದವಲ್ಲ. ಅದಕ್ಕಿಂತ ಮಿಗಿಲಾಗಿ, ಅರಸುತನ ನಿಂತಿದ್ದುದು ರಕ್ತವೊಂದರ ಮೇಲೆಯೇ ಅಲ್ಲ. ಜಾನ್ ಆಫ್ ಗಾಂಟನ ಬೋಫರ್ಟ್ ಮಕ್ಕಳು ವಿವಾಹಕ್ಕೆ ಮೊದಲೇ ಹುಟ್ಟಿದವರು. ಅವರು ಔರಸರೆಂಬ ಮನ್ನಣೆ ಪಡೆದದ್ದು 1397ರಲ್ಲಿ, ಪಾರ್ಲಿಮೆಂಟಿನ ಮೂಲಕ. ಸ್ವತಃ ರಿಚರ್ಡನು 1484ರಲ್ಲಿ ಅದೇ ಪಾರ್ಲಿಮೆಂಟಿನ ಶಾಸನದಿಂದ ತನ್ನ ಅಣ್ಣ ನಾಲ್ಕನೆಯ ಎಡ್ವರ್ಡನ ಮಕ್ಕಳನ್ನು ಅನೌರಸರೆಂದು ಸಾರಿಸಿ ತನ್ನ ಪಟ್ಟವನ್ನು ಭದ್ರಪಡಿಸಿಕೊಂಡನು. ಬಾಸ್‌ವರ್ತ್‌ನಲ್ಲಿ ಗೆದ್ದ ಏಳನೆಯ ಹೆನ್ರಿಯು ಆ ಶಾಸನವನ್ನು ರದ್ದುಪಡಿಸಿ, ಅದರ ಪ್ರತಿಗಳನ್ನೆಲ್ಲ ನಾಶಮಾಡಲು ಆಜ್ಞಾಪಿಸಿದನು. ಯಾರು ಯಾರ ಮಗನೆಂಬುದನ್ನು ನಿರ್ಧರಿಸುತ್ತಿದ್ದವರು ಅಧಿಕಾರದಲ್ಲಿದ್ದವರು. ಹಾಗೆ ಬರೆಸಿದ ದಾಖಲೆ ರಕ್ತದ ವಿಷಯದಲ್ಲಿ ಸುಳ್ಳಾಡಿರಬಹುದು; ಆದರೆ ಇತಿಹಾಸ ನಡೆದದ್ದು ಅದನ್ನು ಅನುಸರಿಸಿಯೇ.

ಅರಸರ ಪಾಡೇ ಹೀಗಿರುವಾಗ ಸಾಮಾನ್ಯ ಮನೆತನಗಳ ವಿಷಯವನ್ನು ಹೇಳುವುದೇ ಬೇಡ. ಚರ್ಚುಗಳು ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ದಾಖಲಿಸಬೇಕೆಂದು ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ್ದು 1538ರಲ್ಲಿ, ಗ್ರೇಫ್ರಯರ್ಸ್ ಮಠ ಮುಚ್ಚಿದ ವರ್ಷದಲ್ಲಿಯೇ. ಅದಕ್ಕೂ ಹಿಂದಿನ ಕಾಲಕ್ಕೆ ಆಧಾರಗಳೆಂದರೆ ಜಮೀನುದಾರರ ನ್ಯಾಯಸಭೆಗಳ ಸುರುಳಿಗಳು, ಭೂಒಡೆಯ ಸತ್ತಾಗ ವಾರಸುದಾರನ ಹೆಸರು ವಯಸ್ಸುಗಳನ್ನು ನಮೂದಿಸಿದ ವಿಚಾರಣಾಪತ್ರಗಳು, 1377ರ ತಲೆಗಂದಾಯದ ಪಟ್ಟಿಗಳು. ಇವು ಬಹುಮಟ್ಟಿಗೆ ಭೂಮಿಯನ್ನೂ ತೆರಿಗೆಯನ್ನೂ ಹಿಂಬಾಲಿಸಿದ ಬರಹಗಳು. ಭೂಮಿಯಿಲ್ಲದವನು ಇವುಗಳಲ್ಲಿ ಕಾಣುವುದು ಅಪರೂಪ, ಅವನ ಹೆಂಡತಿ ಕಾಣುವುದು ಇನ್ನೂ ಅಪರೂಪ. ಈ ಮೌನವನ್ನು ತುಂಬಲು ಮುಂದಿನ ಶತಮಾನಗಳಲ್ಲಿ ಕಲ್ಪಿತ ವಂಶಾವಳಿಗಳು ಧಾರಾಳವಾಗಿ ಹುಟ್ಟಿಕೊಂಡುವು. 1066ರಲ್ಲಿ ವಿಲಿಯಮನೊಡನೆ ಕಡಲು ದಾಟಿ ಬಂದ ಯೋಧನೊಬ್ಬನಿಂದ ತಮ್ಮ ಮನೆತನ ಆರಂಭವಾಯಿತೆಂದು ಹೇಳಿಕೊಳ್ಳುವುದು ಪ್ರತಿಷ್ಠೆಯಾಗಿತ್ತು. ಜೆ. ಹೊರೇಸ್ ರೌಂಡ್ ಎಂಬ ವಿದ್ವಾಂಸರು ಇಂಥ ಹಲವು ಕೃತಕ ವಂಶಾವಳಿಗಳನ್ನು ಮೂಲದಾಖಲೆಗಳೊಡನೆ ಹೋಲಿಸಿ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದರು.

ಡಿಎನ್‌ಎ ಈಗ ಇಂಥ ಪ್ರತಿಷ್ಠೆಗೆ ಹೊಸ ಸಾಧನವಾಗುವ ಅಪಾಯವಿದೆ. ಪ್ರತಿಯೊಬ್ಬನಿಗೂ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿಯರು. ಹೀಗೆ ಇಮ್ಮಡಿಸುತ್ತ ಹೋದರೆ ಇಪ್ಪತ್ತನೆಯ ತಲೆಮಾರಿಗೆ 10,48,576 ಪೂರ್ವಜಸ್ಥಾನಗಳಾಗುತ್ತವೆ. ಒಬ್ಬನೇ ವ್ಯಕ್ತಿ ಅನೇಕ ಸ್ಥಾನಗಳಲ್ಲಿ ಮರಳಿ ಬರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ. ತಾಯಿಯ ತಾಯಿಯನ್ನು ಹಿಡಿದು ಹೋಗುವ ಮೈಟೊಕಾಂಡ್ರಿಯ ಇವುಗಳಲ್ಲಿ ಒಂದನ್ನಷ್ಟೇ ತೋರಿಸುತ್ತದೆ, ತಂದೆಯ ತಂದೆಯನ್ನು ಹಿಡಿದು ಹೋಗುವ ವೈ ವರ್ಣತಂತು ಇನ್ನೊಂದನ್ನು. ಉಳಿದವರಲ್ಲಿ ಬಹುಪಾಲು ಜನ ಇಂದಿನ ದೇಹದಲ್ಲಿ ತಮ್ಮ ಡಿಎನ್‌ಎಯ ತುಣುಕನ್ನೂ ಉಳಿಸಿಲ್ಲ. ಇಂಗ್ಲಿಷ್ ಮೂಲದವರಲ್ಲಿ ಬಹುತೇಕ ಎಲ್ಲರೂ ಯಾವುದಾದರೊಂದು ಹಾದಿಯಲ್ಲಿ ಮೂರನೆಯ ಎಡ್ವರ್ಡನ ಸಂತತಿಯೇ ಆಗಿರಬಹುದೆಂದು ಲೆಕ್ಕಹಾಕಿದವರಿದ್ದಾರೆ. ಹಾಗಿದ್ದಲ್ಲಿ ಅರಸನ ಪಕ್ಕದಲ್ಲಿಯೇ ಅವನ ಹೊಲ ಉತ್ತ ರೈತನೂ ಅವರೆಲ್ಲರ ಪೂರ್ವಜನೇ. ಒಬ್ಬನ ಹೆಸರು ಕಡತದಲ್ಲಿ ಉಳಿಯಿತು, ಇನ್ನೊಬ್ಬನದು ಉಳಿಯಲಿಲ್ಲವೆಂಬುದಷ್ಟೇ ವ್ಯತ್ಯಾಸ.

ಆದುದರಿಂದ ಪೂರ್ವಜರನ್ನು ಅರಸುವವರು ಲೆಸ್ಟರಿನಿಂದ ಕಲಿಯಬೇಕಾದುದು ವಿಧಾನವನ್ನು. ಅಲ್ಲಿ ದಾಖಲೆಯನ್ನು ಡಿಎನ್‌ಎಯಿಂದಲೂ ಡಿಎನ್‌ಎಯನ್ನು ದಾಖಲೆಯಿಂದಲೂ ಪರೀಕ್ಷಿಸಲಾಯಿತು; ಹೊಂದಿದ್ದನ್ನು ಪ್ರಕಟಿಸಿದಷ್ಟೇ ಪ್ರಾಮಾಣಿಕವಾಗಿ ಹೊಂದದ್ದನ್ನೂ ಪ್ರಕಟಿಸಲಾಯಿತು. ಕಾಗದದ ತಂದೆಯೂ ರಕ್ತದ ತಂದೆಯೂ ಬೇರೆಬೇರೆಯೆಂದು ತಿಳಿದುಬಂದಾಗ ಒಬ್ಬನನ್ನು ಅಳಿಸಿ ಇನ್ನೊಬ್ಬನನ್ನು ಬರೆಯಬೇಕಾಗಿಲ್ಲ. ಹೆಸರು ಕೊಟ್ಟು, ಆಸ್ತಿ ಕೊಟ್ಟು ಸಾಕಿದವನು ಇತಿಹಾಸಕ್ಕೆ ಸೇರಿದವನು. ಹೆಸರಿಲ್ಲದ ಆ ಇನ್ನೊಬ್ಬನಿಗೂ ವಂಶವೃಕ್ಷದಲ್ಲಿ ಒಂದು ಖಾಲಿ ಜಾಗವನ್ನು ಬಿಡುವಷ್ಟು ಸತ್ಯನಿಷ್ಠೆ ವಂಶಾವಳಿ ಬರೆಯುವವನಿಗೆ ಇದ್ದರೆ ಸಾಕು.