ಮದ್ದಿನ ಪೇಟೆಂಟ್‌ಗೆ ಇನ್ನೈದು ವರ್ಷ ಸೇರಿದರೆ ದುಡ್ಡು ಕೊಡುವವರು ಯಾರು?

ಶುಗರ್ ಇರುವವರು ಒಬ್ಬರೂ ಇಲ್ಲದ ಮನೆ ಈಗ ಕಡಿಮೆ. ಎಂಪಾಗ್ಲಿಫ್ಲೋಜಿನ್ ಎಂಬ ಹೆಸರು ಬಾಯಿಗೆ ಬಾರದಿದ್ದರೂ ಆ ಮಾತ್ರೆಯ ಗುರ್ತ ಅನೇಕರಿಗೆ ಉಂಟು. ಶುಗರ್‌ಗೆ ಮಾತ್ರವಲ್ಲ, ಹೃದಯ ಮತ್ತು ಕಿಡ್ನಿಯ ತೊಂದರೆಗೂ ಡಾಕ್ಟರು ಅದನ್ನು ಬರೆದು ಕೊಡ್ತಾರೆ. 2025ರ ಮಾರ್ಚ್ 11ರಂದು ಭಾರತದಲ್ಲಿ ಅದರ ಪೇಟೆಂಟ್ ಮುಗಿಯಿತು. ಅಲ್ಲಿಯವರೆಗೆ ಮಾತ್ರೆಯೊಂದಕ್ಕೆ ಸುಮಾರು 60 ರೂಪಾಯಿ ಇತ್ತು. ಮುಗಿದದ್ದೇ ತಡ, ಹತ್ತಾರು ಕಂಪೆನಿಗಳು ಅದೇ ಮದ್ದು ತಂದವು. ಕೆಲವರದ್ದು 6 ರೂಪಾಯಿಗೂ ಕಡಿಮೆ.

ಲೆಕ್ಕ ಹಾಕಿ ನೋಡಿ. ದಿನಕ್ಕೊಂದು ಮಾತ್ರೆ ಅಂದರೆ ತಿಂಗಳಿಗೆ 1,800 ರೂಪಾಯಿ ಆಗ್ತಿದ್ದದ್ದು ಈಗ 180ರಲ್ಲಿ ಮುಗೀತದೆ. ಪೇಟೆಂಟ್ ಅವಧಿಯನ್ನು ಐದು ವರ್ಷ ವಿಸ್ತರಿಸುವ ಕಾನೂನು ನಮ್ಮಲ್ಲಿ ಇದ್ದಿದ್ದರೆ ಹಳೇ ದರವೇ 2030ರವರೆಗೆ ಎಳೆಯುತ್ತಿತ್ತು. ಒಬ್ಬ ರೋಗಿಯ ಮನೆಯಿಂದ ಹೆಚ್ಚುವರಿಯಾಗಿ ಹೋಗುತ್ತಿದ್ದದ್ದು ಸುಮಾರು 97 ಸಾವಿರ ರೂಪಾಯಿ. ಒಂದೇ ಮದ್ದಿಗೆ, ಒಬ್ಬರಿಗೆ!

ಇದು ಸುಮ್ಮನೆ ಕಲ್ಪಿಸಿ ಹೇಳುವ ಮಾತಲ್ಲ. ಅಮೆರಿಕದಲ್ಲಿ 1984ರಿಂದಲೇ ಮದ್ದಿನ ಪೇಟೆಂಟ್‌ಗೆ ಐದು ವರ್ಷದವರೆಗೆ ಹೆಚ್ಚುವರಿ ಅವಧಿ ಕೊಡುವ ಕಾನೂನು ಉಂಟು. ಯುರೋಪಿನಲ್ಲೂ ಅಂಥದ್ದೇ ವ್ಯವಸ್ಥೆ ಇದೆ. ಭಾರತವೂ ಹಾಗೇ ಮಾಡಬೇಕೆಂಬ ಒತ್ತಾಯ ಐರೋಪ್ಯ ಒಕ್ಕೂಟದ ಜೊತೆಗಿನ ವ್ಯಾಪಾರ ಮಾತುಕತೆಯಲ್ಲಿ ಬಂದಿತ್ತು. 2011ರಲ್ಲಿ ಎಚ್‌ಐವಿ ಪೀಡಿತರು ಇದರ ವಿರುದ್ಧ ದಿಲ್ಲಿಯ ಬೀದಿಗೆ ಇಳಿದಿದ್ದರು.

ಕಂಪೆನಿಗಳ ವಾದವನ್ನೂ ಕೇಳೋಣ. ಪೇಟೆಂಟ್‌ನ 20 ವರ್ಷ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಪ್ರಯೋಗ, ಪರೀಕ್ಷೆ, ಪರವಾನಿಗೆ ಅಂತ ಅದರಲ್ಲಿ ಎಷ್ಟೋ ವರ್ಷ ಕಳೆದು ಹೋಗ್ತದೆ, ಆ ನಷ್ಟ ತುಂಬಿಕೊಡಿ ಎನ್ನುತ್ತಾರೆ. ಸಂಶೋಧನೆಗೆ ಹಣ ಬೇಕು ಎಂಬುದನ್ನು ಒಪ್ಪಬೇಕಾದ್ದೇ. ಆದರೆ ಆ ಹಣವನ್ನು ರೋಗಿಯ ಕಿಸೆಯಿಂದಲೇ, ಅದೂ 20 ವರ್ಷ ಕಳೆದ ಮೇಲೆಯೂ, ಯಾಕೆ ತೆಗೆಯಬೇಕು? ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ವರದಿಯ ಆಧಾರದಲ್ಲಿ ಬಂದ 1970ರ ನಮ್ಮ ಕಾನೂನು ಮದ್ದಿಗೆ ಪೇಟೆಂಟ್ ಕೊಡುತ್ತಲೇ ಇರಲಿಲ್ಲ. ಮದ್ದು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್, ಅದೂ ಹೆಚ್ಚೆಂದರೆ 7 ವರ್ಷ. ಕಡಿಮೆ ದರದ ಭಾರತೀಯ ಮದ್ದು ಜಗತ್ತಿಗೆ ತಲುಪಿದ್ದು ಆ ಕಾನೂನಿನ ಬಲದಿಂದ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೆ ತಲೆಬಾಗಿ 2005ರಲ್ಲಿ ನಾವು ಮದ್ದಿಗೂ 20 ವರ್ಷದ ಪೇಟೆಂಟ್ ಒಪ್ಪಿಕೊಂಡೆವು. ಅದಕ್ಕಿಂತ ಹೆಚ್ಚು ಕೊಡಬೇಕೆಂದು ಆ ಸಂಸ್ಥೆಯ ನಿಯಮವೂ ಹೇಳುವುದಿಲ್ಲ.

ಈ ಹೊರೆ ಯಾರ ಹೆಗಲಿಗೆ ಬೀಳ್ತದೆ ಅಂತ ತಿಳಿಯಲು ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳನ್ನು ನೋಡಬೇಕು. ಅಥಣಿ, ಕಾಗವಾಡ, ರಾಯಬಾಗದ ಜನ ದೊಡ್ಡ ಕಾಯಿಲೆ ಬಂದರೆ ಮಿರಜ್‌ಗೆ ಹೋಗ್ತಾರೆ. ಚಿಕ್ಕೋಡಿ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ. ಬಸ್ಸಿನ ಖರ್ಚು, ಕಳೆದುಕೊಂಡ ಕೂಲಿ, ಅದರ ಮೇಲೆ ಗುಳಿಗಿಯ ಬಿಲ್ಲು. ನಿಪ್ಪಾಣಿ ಎಂಬ ಹೆಸರು ಬೀಡಿ ಕಟ್ಟಿ ಮನೆ ನಡೆಸಿದ ನಮ್ಮ ಉಮ್ಮಂದಿರಿಗೆ ಹೊಸತಲ್ಲ. ಅಲ್ಲಿ ಬೆಳೆಯುವುದು ಬೀಡಿಯ ತಂಬಾಕು. ಅದರ ಧೂಳು ಎದೆಗೆ ಏನು ಮಾಡ್ತದೆ ಎಂಬುದು ಅಲ್ಲಿಯವರಿಗೂ ಗೊತ್ತು, ಕರಾವಳಿಯ ನಮಗೂ ಗೊತ್ತು.

ಎದೆಯ ಕಾಯಿಲೆಯ ಮಾತು ಬಂದದ್ದರಿಂದ ಟಿಬಿಯ ಒಂದು ಮದ್ದಿನ ಕಥೆ ಹೇಳಲೇಬೇಕು. ಸಾಮಾನ್ಯ ಮದ್ದಿಗೆ ಬಗ್ಗದ ಟಿಬಿಗೆ ಬೆಡಾಕ್ವಿಲಿನ್ ಕೊಡ್ತಾರೆ. ಅದರ ಮೂಲ ಪೇಟೆಂಟ್ 2023ರ ಜುಲೈಗೆ ಮುಗಿಯಬೇಕಿತ್ತು. ಜಾನ್ಸನ್ ಆಂಡ್ ಜಾನ್ಸನ್ ಕಂಪೆನಿ ಅದೇ ಮದ್ದಿನ ಲವಣ ರೂಪಕ್ಕೆ ಇನ್ನೊಂದು ಪೇಟೆಂಟ್ ಕೇಳಿತು. ಸಿಕ್ಕಿದ್ದರೆ ಅದರ ಹಿಡಿತ 2027ರವರೆಗೆ ಉಳಿಯುತ್ತಿತ್ತು. ತಕರಾರು ಹಾಕಿದವರು ಇಬ್ಬರು ಹೆಣ್ಮಕ್ಕಳು: ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಝಾ ಟಿಸಿಲೆ. ಇಬ್ಬರೂ ಟಿಬಿಯಿಂದ ಬದುಕಿ ಬಂದವರು, ಹಳೆಯ ಮದ್ದುಗಳ ಅಡ್ಡ ಪರಿಣಾಮದಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಕಂಪೆನಿಯ ಅರ್ಜಿಯನ್ನು ತಿರಸ್ಕರಿಸಿತು. ಸರಕಾರ ಟಿಬಿ ಮದ್ದನ್ನು ಪುಕ್ಕಟೆ ಕೊಡ್ತದಲ್ವಾ ಅಂತ ನೀವು ಕೇಳಬಹುದು. ಸರಕಾರ ಕೊಳ್ಳುವುದೂ ನಮ್ಮದೇ ತೆರಿಗೆ ಹಣದಿಂದ. ದರ ಇಳಿದಷ್ಟೂ ಅದೇ ಹಣದಲ್ಲಿ ಹೆಚ್ಚು ಜನರಿಗೆ ಮದ್ದು ಸಿಗ್ತದೆ.

ಹಳೇ ಮದ್ದಿಗೆ ಹೊಸ ಅಂಗಿ ತೊಡಿಸಿ ಪೇಟೆಂಟ್ ಕೇಳುವುದನ್ನು ತಡೆಯುವುದು ನಮ್ಮ ಕಾನೂನಿನ 3(ಡಿ) ಕಲಂ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಮದ್ದಿನ ವಿಷಯದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇದೇ ಕಲಂ ಹಿಡಿದು ನೊವಾರ್ಟಿಸ್‌ನ ಮೇಲ್ಮನವಿಯನ್ನು ವಜಾ ಮಾಡಿತು. ಇಂಥ ಕಾನೂನು ಉಳಿದರೆ ಸಾಲದು, ಹಿಂಬಾಗಿಲಿನಿಂದ ಅವಧಿ ವಿಸ್ತರಣೆ ಬಾರದಂತೆಯೂ ಕಾಯಬೇಕು. 2024ರ ಮಾರ್ಚ್‌ನಲ್ಲಿ ನಿಯಮವೊಂದು ಸಡಿಲವಾಯಿತು. ಪೇಟೆಂಟ್ ಪಡೆದ ಕಂಪೆನಿ ಅದನ್ನು ದೇಶದಲ್ಲಿ ಬಳಸುತ್ತಿದೆಯೇ ಎಂದು ವರ್ಷವರ್ಷ ಕೊಡಬೇಕಿದ್ದ ಲೆಕ್ಕವನ್ನು ಈಗ ಮೂರು ವರ್ಷಕ್ಕೊಮ್ಮೆ ಕೊಟ್ಟರಾಯಿತು. ಎಷ್ಟು ಜನರಿಗೆ ಇದು ಗೊತ್ತಾಯಿತು?

ದರ ಕಟ್ಟುವ ಅಧಿಕಾರ ಕೆಲವರ ಕೈಯಲ್ಲೇ ಇದ್ದರೆ ಏನಾಗ್ತದೆ ಎಂಬುದನ್ನು ನಿಪ್ಪಾಣಿಗೆ ಯಾರೂ ಕಲಿಸಬೇಕಿಲ್ಲ. 1981ರಲ್ಲಿ ಅಲ್ಲಿನ ತಂಬಾಕು ಬೆಳೆಗಾರರು ನ್ಯಾಯದ ದರ ಕೇಳಿ ಹೆದ್ದಾರಿಯಲ್ಲಿ ಕೂತರು, ಗೋಲಿಬಾರಿನಲ್ಲಿ ಜೀವ ತೆತ್ತರು. ಅಂದು ಮಾರುವವನಿಗೆ ದಾರಿ ಇರಲಿಲ್ಲ. ಪೇಟೆಂಟ್ ಇದ್ದಷ್ಟು ದಿನ ಕೊಳ್ಳುವ ರೋಗಿಯದ್ದೂ ಅದೇ ಸ್ಥಿತಿ. ತಂಬಾಕನ್ನಾದರೂ ನಾಲ್ಕು ದಿನ ಹಿಡಿದಿಟ್ಟುಕೊಳ್ಳಬಹುದು, ಮದ್ದು ನುಂಗುವುದನ್ನು ಮುಂದೂಡಲು ಆಗ್ತದಾ?

ವ್ಯಾಪಾರ ಒಪ್ಪಂದದ ಸಾವಿರ ಪುಟದಲ್ಲಿ ಒಂದು ಸಾಲು ಸೇರಿದರೆ ಸಾಕು, ಅದರ ಬಿಲ್ಲು ಅಥಣಿಯ ಮೆಡಿಕಲ್‌ನಲ್ಲೂ ಬರ್ತದೆ, ಉಳ್ಳಾಲದ ಮೆಡಿಕಲ್‌ನಲ್ಲೂ ಬರ್ತದೆ. ವೋಟು ಕೇಳಲು ಬರುವವರ ಹತ್ತಿರ ನಾವು ರಸ್ತೆ, ಚರಂಡಿ ಕೇಳ್ತೇವೆ. ಇನ್ನು ಮುಂದೆ ಇದನ್ನೂ ಕೇಳಬೇಕು: ಮದ್ದಿನ ಪೇಟೆಂಟ್‌ಗೆ 20 ವರ್ಷದ ಮೇಲೆ ಒಂದು ದಿನವೂ ಸೇರದಂತೆ ಪಾರ್ಲಿಮೆಂಟಿನಲ್ಲಿ ಮಾತಾಡ್ತೀರಾ? ಚಿಕ್ಕೋಡಿಯ ಸಂಸದರೂ ಉತ್ತರಿಸಲಿ, ನಮ್ಮವರೂ ಉತ್ತರಿಸಲಿ.